ಪುಟ್ಟಿ ಕೇಳಿದ್ದಕ್ಕೆ, ಮತ್ತೆ ಅತ್ತಿಗೆಗೂ

ಪುಟ್ಟಿ, ನಮ್ಮ ಮನೆ ಗ್ರೂಪಲ್ಲಿ ನಿನ್ನ ಮೆಸೇಜು ನೋಡಿದೆ ಕಣಮ್ಮ. ನಿಮ್ಮಮ್ಮಂಗೆ ಮೂರು ತಿಂಗಳಿಂದ ಸಿಕ್ಕಾಪಟ್ಟೆ ಬ್ಲೀಡಿಂಗ್, ಸ್ಕ್ಯಾನಿಂಗಲ್ಲಿ ಗೆಡ್ಡೆ ಅಂತ ಬಂದಿದೆ, ಗರ್ಭಕೋಶ ತೆಗೆಸಿಬಿಡಿ, ಬಿಟ್ರೆ ಮುಂದೆ ಕ್ಯಾನ್ಸರ್ ಆದ್ರೂ ಆಗಬಹುದು, ಸೋಮವಾರ ಅಡ್ಮಿಟ್ ಆಗಿ ಅಂದಿದಾರೆ, ಏನ್ಮಾಡೋದು ದೊಡ್ಡಮ್ಮ ಅಂತ ಕೇಳಿದೀಯ. ಅದರ ಕೆಳಗೆ ಚಿಕ್ಕಮ್ಮ, ಮಕ್ಕಳಾಗಿದಾವೆ, ಇನ್ನು ಅದನ್ನ ಇಟ್ಕೊಂಡು ಏನಾಗಬೇಕು, ತೆಗೆಸಿಬಿಡಿ ಅಂತ ಹಾಕಿದಾರೆ. ಅದರ ಕೆಳಗೆ ನಮ್ಮ ಅತ್ತಿಗೆ, ನನಗೂ ಹೋದ ತಿಂಗಳು ಒಂದೆರಡು ದಿನ ಸ್ವಲ್ಪ ಕಂಡಿತ್ತು, ಉಷ್ಣ ಇರಬೇಕು, ಎಳನೀರು ಕುಡಿದೆ ನಿಂತೋಯ್ತು ಅಂತ ಒಂದು ಸಾಲು ಹಾಕಿದಾರೆ. ಆ ಸಾಲಿಗೆ ಯಾರೂ ಏನೂ ಹೇಳಿಲ್ಲ. ಅತ್ತಿಗೆ, ನಿಮ್ಮ ವಿಷಯಕ್ಕೆ ಕೊನೇಲಿ ಬರ್ತೀನಿ, ದಯವಿಟ್ಟು ಪೂರ್ತಿ ಕೇಳಿ. ಇವತ್ತಿನ ಮಾತಲ್ಲಿ ಎಲ್ಲಕ್ಕಿಂತ ಜರೂರು ಅದೇ.

ಭಾವ, ಇವೆಲ್ಲ ಗ್ರೂಪಲ್ಲಿ ಬೇಡ, ಹೆಂಗಸರು ಬೇರೆ ಮಾತಾಡ್ಕೊಳ್ಳಿ ಅಂದ್ರಿ. ನಿಮಗೆ ಆಂಜಿಯೋಗ್ರಾಂ ಆದಾಗ ಇದೇ ಗ್ರೂಪಲ್ಲಿ ರಿಪೋರ್ಟ್ ಹಾಕಿ, ಎಲ್ಲರೂ ಸೇರಿ ಡಾಕ್ಟರನ್ನ ಹುಡುಕಿ, ದುಡ್ಡು ಹೊಂದಿಸಿದ್ವಿ. ಇದೂ ಹಂಗೇ. ಆಸ್ಪತ್ರೆಗೆ ಕರ್ಕೊಂಡು ಹೋಗೋರು, ಫಾರಂಗೆ ಸೈನ್ ಹಾಕೋರು ಮನೇ ಗಂಡಸರೇ. ಅವರಿಗೇ ವಿಷಯ ಗೊತ್ತಿಲ್ಲದಿದ್ರೆ ಹೆಂಗೆ? ನೀವೂ ಕೇಳಿ.

ಈಗ ರಿಪೋರ್ಟು. ಫೋಟೋ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದೆ. ಗರ್ಭಕೋಶದ ಗೋಡೇಲಿ 2.1 ಸೆಂ.ಮೀ. ಗೆಡ್ಡೆ ಒಂದು. ಒಳಪದರ 13 ಮಿ.ಮೀ. ದಪ್ಪ. ಅಂಡಾಶಯ ಎರಡೂ ಸರಿ ಇದಾವೆ. ಬ್ಲಡ್ ರಿಪೋರ್ಟಲ್ಲಿ ಹಿಮೋಗ್ಲೋಬಿನ್ 8.2. ಎಲ್ಲರೂ ಗೆಡ್ಡೆ ಅನ್ನೋದು ನೋಡಿ ಹೆದರಿದೀರಿ. ನನ್ನ ಕಣ್ಣು ಹೋಗಿದ್ದು ಒಳಪದರದ ದಪ್ಪ, ಹಿಮೋಗ್ಲೋಬಿನ್ ಇವೆರಡರ ಮೇಲೆ. ಫೈಬ್ರಾಯ್ಡ್ ಅನ್ನೋ ಗೆಡ್ಡೆ ನಲವತ್ತು ದಾಟಿದ ಎಷ್ಟೋ ಹೆಂಗಸರಿಗೆ ಇರುತ್ತೆ, ಅದು ಇದೆ ಅಂತಾನೂ ಅವರಿಗೆ ಗೊತ್ತಿರಲ್ಲ. ಅದು ಕ್ಯಾನ್ಸರಿಗೆ ತಿರುಗೋದು ತೀರಾ ಅಪರೂಪ. ಗೋಡೆಯೊಳಗೇ ಇರೋ ಎರಡು ಸೆಂಟಿಮೀಟರ್ ಗೆಡ್ಡೆ ಇಷ್ಟೊಂದು ಬ್ಲೀಡಿಂಗ್ ಮಾಡಿಸೋದೂ ಕಡಿಮೆ. ಹಂಗಾಗಿ ಕಾರಣ ಬೇರೆ ಇದೆಯಾ ಅಂತ ಹುಡುಕದೇ ಆಪರೇಷನ್ ಟೇಬಲ್ಲಿಗೆ ಹೋಗೋದು ಬೇಡ.

ನಿಮ್ಮಮ್ಮಂಗೆ ಈಗ 47. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲೋದು ಸರಾಸರಿ 46, 47ಕ್ಕೆ. ಅದು ಒಂದೇ ಸಲ ನಲ್ಲಿ ತಿರುಗಿಸಿದಂಗೆ ನಿಲ್ಲಲ್ಲ. ಅದಕ್ಕೆ ಮುಂಚೆ ಕೆಲವು ವರ್ಷ ಏರುಪೇರು ಇದ್ದೇ ಇರುತ್ತೆ. ಯಾಕೆ ಅಂತ ಹೇಳ್ತೀನಿ ಕೇಳು. ಈಸ್ಟ್ರೋಜನ್ ಅನ್ನೋ ಹಾರ್ಮೋನು ಗರ್ಭಕೋಶದ ಒಳಪದರನ ಬೆಳೆಸುತ್ತೆ. ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆದ್ಮೇಲೆ ಪ್ರೊಜೆಸ್ಟರಾನ್ ಅನ್ನೋದು ಬಂದು ಆ ಬೆಳವಣಿಗೇನ ತಡೆದು ಹದಕ್ಕೆ ತರುತ್ತೆ, ಆಮೇಲೆ ಪದರ ಕಳಚಿ ಮುಟ್ಟಾಗುತ್ತೆ. ಈ ವಯಸ್ಸಲ್ಲಿ ಎಷ್ಟೋ ತಿಂಗಳು ಮೊಟ್ಟೆ ಬಿಡುಗಡೇನೇ ಆಗಲ್ಲ. ಆಗ ಪ್ರೊಜೆಸ್ಟರಾನೂ ಇಲ್ಲ. ಪದರ ಬೆಳೀತಾನೇ ಹೋಗುತ್ತೆ, ಎರಡು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಹದಿನೈದು ದಿನ ಗಟ್ಟಿಗಟ್ಟಿ ಹೋಗುತ್ತೆ. ನೀನು ಬರ್ದಿರೋದೂ ಥೇಟ್ ಹೀಗೇ ಇದೆ.

ಆದ್ರೆ ವಯಸ್ಸಿನ ಸಹಜ ಅಂತ ನಾವೇ ತೀರ್ಮಾನ ಮಾಡಿ ಕೂರೋ ಹಾಗೂ ಇಲ್ಲ. 45 ದಾಟಿದೋರಿಗೆ ಹೀಗಾದ್ರೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಇದಕ್ಕೆ ಅಡ್ಮಿಟ್ ಬೇಕಾಗಿಲ್ಲ, ಅರಿವಳಿಕೇನೂ ಬೇಡ. ಪೈಪೆಲ್ ಅಂತ ಸಣ್ಣ ಕೊಳವೆ, ಓಪಿಡಿಯಲ್ಲೇ ಕೆಲವು ನಿಮಿಷದ ಕೆಲಸ, ಹೊಟ್ಟೆ ಹಿಂಡಿದಂಗೆ ನೋವಾಗುತ್ತೆ, ಸ್ವಲ್ಪ ಹೊತ್ತಿಗೆ ಹೋಗುತ್ತೆ. ಕ್ಯಾನ್ಸರ್ ಅಂತ ಹೆದರಿಸಿದಾರೆ ಅಂದ್ಯಲ್ಲ, ಹೆದರಿಸಿದೋರು ಅದು ಇದೆಯೋ ಇಲ್ವೋ ನೋಡೋ ಈ ಪರೀಕ್ಷೆನೇ ಬರ್ದಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಥೈರಾಯ್ಡಿಗೆ ಟಿಎಸ್‌ಎಚ್ ಅನ್ನೋ ರಕ್ತ ಪರೀಕ್ಷೆ ಮಾಡಿಸು, ಥೈರಾಯ್ಡ್ ಕಡಿಮೆ ಇದ್ರೂ ಜಾಸ್ತಿ ಹೋಗುತ್ತೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಸುಳಿವು ನೋಡೋ ಪ್ಯಾಪ್ ಸ್ಮಿಯರ್ ಇವತ್ತಿನವರೆಗೆ ಮಾಡಿಸಿಲ್ಲ ಅಂದ್ರೆ ಅದನ್ನೂ. ಮುಜುಗರ ಆದ್ರೂ ಒಂದು ಸಲ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಬಿಡಲಿ, ಮುಟ್ಟು ಪೂರ್ತಿ ನಿಲ್ಲೋವರೆಗೆ ಗರ್ಭ ನಿಲ್ಲೋ ಸಾಧ್ಯತೆ ಇದ್ದೇ ಇದೆ.

ಇನ್ನೊಂದು, ಇದನ್ನ ನಿಮ್ಮಮ್ಮನೇ ಹೇಳಬೇಕು. ಲೇ, ಕೇಳಿಸ್ಕೊಳ್ತಿದೀಯಾ ತಾನೇ? ಗೌರಿ ಹಬ್ಬಕ್ಕೆ ಒಂದ್ಸಲ, ಗೃಹಪ್ರವೇಶಕ್ಕೆ ಒಂದ್ಸಲ, ಧರ್ಮಸ್ಥಳಕ್ಕೆ ಹೋಗುವಾಗ ಒಂದ್ಸಲ, ಮುಟ್ಟು ಮುಂದಕ್ಕೆ ಹೋಗೋ ಮಾತ್ರೆ ತಗೊಂಡಿದೀಯ, ನನಗೆ ಗೊತ್ತು. ಅದನ್ನ ಡಾಕ್ಟರಿಗೆ ಹೇಳಿದೀಯಾ? ಹೇಳಿರಲ್ಲ. ಆ ಮಾತ್ರೇನೂ ಹಾರ್ಮೋನೇ ಕಣೇ. ನಿಲ್ಲಿಸಿದ ತಕ್ಷಣ ಜೋರಾಗಿ ಹೋಗುತ್ತೆ, ಮೊದಲೇ ಏರುಪೇರಿರೋ ವಯಸ್ಸಲ್ಲಿ ಲೆಕ್ಕ ಪೂರ್ತಿ ಕೆಡುತ್ತೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದೋರು ಅದನ್ನ ಮುಟ್ಟಲೇಬಾರದು. ಮೆಡಿಕಲ್ ಶಾಪಲ್ಲಿ ಕೇಳಿದ ತಕ್ಷಣ ಕೊಡ್ತಾರೆ ಅಂತ ತಗೋಬೇಡಿ. ಮನೇಲಿ ಪೂಜೆ ಇಟ್ಕೊಂಡೋರೂ ಸೊಸೆಗೆ, ಮಗಳಿಗೆ ಮಾತ್ರೆ ತಗೊಂಡು ಬಾ ಅಂತ ಹೇಳೋದು ಬಿಡಿ. ದೇವರೇನೂ ಕೋಪ ಮಾಡ್ಕೊಳ್ಳಲ್ಲ.

ಬಯಾಪ್ಸಿ ಚೆನ್ನಾಗಿ ಬಂತು ಅಂದ್ಕೊಳ್ಳಿ. ಆಮೇಲೆ ದಾರಿ ಎಷ್ಟೊಂದಿದೆ. ಹೋಗೋ ದಿನಗಳಲ್ಲಿ ಮಾತ್ರ ತಗೊಳ್ಳೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಬ್ಲೀಡಿಂಗ್ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತೆ. ತಿಂಗಳಲ್ಲಿ ಇಷ್ಟು ದಿನ ಅಂತ ಲೆಕ್ಕ ಹಾಕಿ ಕೊಡೋ ಪ್ರೊಜೆಸ್ಟರಾನ್ ಮಾತ್ರೆ ಇದೆ. ನರ್ಸಾಗಿ ನಾನು ವಾರ್ಡಲ್ಲಿ ಕಣ್ಣಾರೆ ನೋಡಿ ಮೆಚ್ಚಿಕೊಂಡಿದ್ದು ಮಿರೆನಾ. ಕಾಪರ್-ಟಿ ಥರಾನೇ ಒಳಗಿಡೋದು, ಆದ್ರೆ ತಾಮ್ರದ ಬದಲು ಅದರಿಂದ ಹಾರ್ಮೋನು ಚೂರುಚೂರೇ ಗರ್ಭಕೋಶದೊಳಗೇ ಇಳಿಯುತ್ತೆ, ಐದು ವರ್ಷ ಕೆಲಸ ಮಾಡುತ್ತೆ. ನಿಮ್ಮಮ್ಮನ ವಯಸ್ಸಿಗೆ ಅದು ಮುಗಿಯೋ ಹೊತ್ತಿಗೆ ಬಹುಶಃ ಮುಟ್ಟೇ ನಿಂತಿರುತ್ತೆ. ಹಾಕಿಸಿದ ಮೊದಲ ಮೂರು ತಿಂಗಳು, ಕೆಲವರಿಗೆ ಆರು ತಿಂಗಳು, ಆಗಾಗ ಚುಕ್ಕೆಚುಕ್ಕೆ ಕಾಣುತ್ತೆ. ಇದನ್ನ ಮುಂಚೇನೇ ಹೇಳಿರಲ್ಲ, ಆಮೇಲೆ ಬೇಜಾರಾಗಿ ತೆಗೆಸಿಬಿಡ್ತಾರೆ. ಅಷ್ಟು ತಡ್ಕೊಂಡ್ರೆ ಬದುಕು ಹಗುರ ಆಗುತ್ತೆ.

ಎಲ್ಲಕ್ಕೂ ಮುಂಚೆ ಆ 8.2 ಸರಿ ಮಾಡಬೇಕು. ಹೆಂಗಸರಿಗೆ 12ರ ಮೇಲಿರಬೇಕು. ಮೆಟ್ಟಿಲು ಹತ್ತಿದ್ರೆ ಏದುಸಿರು, ಎದೆ ಡವಡವ, ಸಾಯಂಕಾಲ ಆದ್ರೆ ಕೈಕಾಲು ಸೋತು ಬರೋದು, ಇದೆಲ್ಲ ವಯಸ್ಸಾಯ್ತು ಅಂತ ಅಲ್ಲ, ರಕ್ತ ಇಲ್ಲ. 2019ರಿಂದ 21ರವರೆಗೆ ಸರ್ಕಾರ ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಅಂತಲೇ ಬಂದಿದೆ. ಕಬ್ಬಿಣದ ಮಾತ್ರೆ ನಿಂಬೆಹಣ್ಣಿನ ಪಾನಕದ ಜೊತೆ ತಗೋ. ಕಾಫಿ ಟೀ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ. ಹಿಮೋಗ್ಲೋಬಿನ್ ಸರಿಯಾಯ್ತು ಅಂತ ನಿಲ್ಲಿಸಬೇಡ, ಆಮೇಲೂ ಮೂರು ತಿಂಗಳು ನಡೀಲಿ. ಹೊಟ್ಟೆಗೆ ಆಗಿಬರಲ್ಲ ಅಂದ್ರೆ ಡ್ರಿಪ್ಪಲ್ಲಿ ಕೊಡೋದೂ ಇದೆ, ಕೇಳಿ. ಮಧ್ಯದಲ್ಲಿ ಗಂಟೆಗೊಂದು ಪ್ಯಾಡ್ ತುಂಬ್ತಿದೆ, ಕಣ್ಣು ಕತ್ತಲೆ ಬರ್ತಿದೆ ಅಂದ್ರೆ ರಾತ್ರಿ ಹಗಲು ನೋಡಬೇಡಿ, ಸೀದಾ ಎಮರ್ಜೆನ್ಸಿಗೆ.

ಚಿಕ್ಕಮ್ಮ, ನೀವು ಹೇಳಿದ್ದು ಕೆಟ್ಟ ಮನಸ್ಸಿಂದ ಅಲ್ಲ, ಗೊತ್ತು. ನಿಮ್ಮ ಕಾಲದಲ್ಲಿ ಎಲ್ಲರೂ ಅದೇ ಹೇಳ್ತಿದ್ರು. ನಾನು ಕಲಬುರಗಿ ಕಡೆ ಪೋಸ್ಟಿಂಗಲ್ಲಿದ್ದಾಗ ತಾಂಡಾದಿಂದ ಒಬ್ಬಳು ಬಂದಿದ್ಲು, ಮೂವತ್ತೆರಡು ವಯಸ್ಸು. ಬಿಳಿ ಹೋಗುತ್ತೆ, ಸೊಂಟ ನೋವು ಅಂತ ಯಾವುದೋ ಖಾಸಗಿ ಆಸ್ಪತ್ರೆಗೆ ಹೋಗಿದ್ಲಂತೆ. ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ರು. ಡಿಸ್ಚಾರ್ಜ್ ಚೀಟೀನ ಪ್ಲಾಸ್ಟಿಕ್ ಕವರಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಕೊಂಡಿದ್ಲು. ಬಿಡಿಸಿ ನೋಡಿದೆ, ಬಯಾಪ್ಸಿ ಮಾತೇ ಇಲ್ಲ ಅದರಲ್ಲಿ. ಮೈಯೆಲ್ಲ ಬೆಂಕಿ ಬಂದಂಗಾಗುತ್ತೆ ಸಿಸ್ಟರ್, ನಿದ್ದೆ ಬರಲ್ಲ, ತೊಗರಿ ಕೊಯ್ಯಕ್ಕೆ ಬಗ್ಗಕ್ಕಾಗಲ್ಲ ಅಂತಿದ್ಲು. ಸಾಲ ತೀರಿರಲಿಲ್ಲ. ಬಿಳಿ ಹೋಗೋದು ಎಷ್ಟೋ ಸಲ ಸಹಜ, ವಾಸನೆ, ತುರಿಕೆ ಇದ್ರೆ ಸೋಂಕು, ಮಾತ್ರೇಲಿ ಹೋಗುತ್ತೆ. ಅವಳಂಥೋರು ಒಬ್ಬರಿಬ್ಬರಲ್ಲ. ಆಮೇಲೆ ಅಲ್ಲಿಯ ವಿಷಯ ಪೇಪರಲ್ಲೆಲ್ಲ ಬಂತು, ಆರೋಗ್ಯ ಇಲಾಖೆ ತನಿಖೆ ಮಾಡಿಸ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದಲ್ಲೂ ಇದೇ ಕಥೆ, ಡಾ. ನರೇಂದ್ರ ಗುಪ್ತ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು. ಬೇಡದೇ ಇರೋ ಗರ್ಭಕೋಶದ ಆಪರೇಷನ್ ತಡೆಯೋಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚೀನ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ 2023ರ ಏಪ್ರಿಲಲ್ಲಿ ಕೋರ್ಟು ಹೇಳ್ತು.

ಅಂಡಾಶಯ ತೆಗೆದ್ರೆ ಹಾರ್ಮೋನು ಒಂದೇ ದಿನಕ್ಕೆ ನಿಂತುಹೋಗುತ್ತೆ. ಚಿಕ್ಕ ವಯಸ್ಸಲ್ಲಿ ಹಂಗಾದ್ರೆ ಮೂಳೆ ಸವೆಯೋದು, ಹೃದಯದ ಕಾಯಿಲೆ ಬೇಗ ಬರೋ ಅಪಾಯ. ಬರೀ ಗರ್ಭಕೋಶ ತೆಗೆದು ಅಂಡಾಶಯ ಉಳಿಸಿದ್ರೂ, ಅವು ಸ್ವಲ್ಪ ವರ್ಷ ಮುಂಚೇನೇ ಸುಸ್ತಾಗೋದುಂಟು. ಹಂಗಂತ ಆಪರೇಷನ್ನೇ ತಪ್ಪು ಅಂತ ನಾನು ಹೇಳ್ತಿಲ್ಲ. ದೊಡ್ಡ ಗೆಡ್ಡೆ ಮೂತ್ರಕೋಶ ಒತ್ತುತ್ತಿದ್ರೆ, ಮಾತ್ರೆ, ಮಿರೆನಾ ಯಾವುದಕ್ಕೂ ಬಗ್ಗದಿದ್ರೆ, ಬಯಾಪ್ಸೀಲಿ ಕ್ಯಾನ್ಸರಿನ ಸುಳಿವು ಬಂದ್ರೆ ತೆಗೆಸಲೇಬೇಕು, ಆಗ ಮೊದಲು ಸಹಿ ಹಾಕಿ ಅನ್ನೋಳು ನಾನೇ. ಕಾರಣ ಏನು, ಬೇರೆ ಏನೇನು ಪ್ರಯತ್ನ ಮಾಡಿದೀರಿ, ಅಂಡಾಶಯ ಉಳಿಸ್ತೀರಾ, ಈ ಮೂರು ಪ್ರಶ್ನೆಗೆ ಉತ್ತರ ಸಿಗೋವರೆಗೆ ಅಡ್ಮಿಟ್ ಆಗಬೇಡಿ ಅಷ್ಟೇ.

ಇನ್ನು ನಮ್ಮ ಸೊಸೆ ಕೇಳಿದ್ದು. ಮೊಮ್ಮಗಳು ದೊಡ್ಡವಳಾಗಿ ಒಂದೂವರೆ ವರ್ಷ, ತಿಂಗಳು ತಿಂಗಳು ಸರಿಯಾಗಿ ಆಗಲ್ಲ, ನಲವತ್ತು ದಿನಕ್ಕೊಂದ್ಸಲ, ಪಿಸಿಓಡಿ, ಅಂದ್ರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದಲ್ಲಿ ಗುಳ್ಳೆ ಆಗೋ ತೊಂದರೆ ಇರಬೇಕು, ಸ್ಕ್ಯಾನ್ ಮಾಡಿಸಿ ಅಂದ್ರಂತೆ. ಬೇಡಮ್ಮ. ಮೊದಲ ಎರಡು ಮೂರು ವರ್ಷ ಹಾಗೇ ಇರೋದು, 45 ದಿನದವರೆಗೂ ಹೆದರಬೇಕಾಗಿಲ್ಲ. ಆ ವಯಸ್ಸಲ್ಲಿ ಅಂಡಾಶಯದಲ್ಲಿ ಗುಳ್ಳೆಗುಳ್ಳೆ ಕಾಣೋದು ಮಾಮೂಲು. ಅದಕ್ಕೇ ದೊಡ್ಡವಳಾಗಿ ಎಂಟು ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಓಡಿ ಅನ್ನಬಾರದು ಅಂತ ತಜ್ಞರ ನಿಯಮಾನೇ ಇದೆ. ತೊಂಬತ್ತು ದಿನ ದಾಟಿದ್ರೆ, ಮುಖದ ಮೇಲೆ ಕೂದಲು ಜಾಸ್ತಿ ಆದ್ರೆ, ಇಲ್ಲಾ ತುಂಬಾ ಹೋಗ್ತಿದ್ರೆ ಕರ್ಕೊಂಡು ಬಾ. ಮಗು ಮುಂದೆ ಪಿಸಿಓಡಿ, ಮುಂದೆ ಮಕ್ಕಳಾಗಲ್ಲ ಅನ್ನೋ ಮಾತು ಯಾರೂ ಆಡಬೇಡಿ. ಚಿಗಳಿ ಉಂಡೆ, ಕೊಬ್ಬರಿ ತಿನ್ಲಿ, ಆಟ ಆಡ್ಲಿ. ಅವಳಿಗೆ ಈಗ ಬೇಕಾಗಿರೋದು ಎಚ್‌ಪಿವಿ ಲಸಿಕೆ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯೋದು. ನಮ್ಮ ದೇಶದಲ್ಲೇ ಪುಣೆಯ ಸೀರಂ ಕಂಪನಿ ಮಾಡಿರೋ ಸರ್ವಾವ್ಯಾಕ್ 2023ರಿಂದ ಇದೆ. 14ರೊಳಗೆ ಹಾಕಿಸಿದ್ರೆ ಕಡಿಮೆ ಡೋಸ್ ಸಾಕು, ಹುಟ್ಟುಹಬ್ಬದ ತನಕ ಕಾಯಬೇಡ.

ಅತ್ತಿಗೆ, ಈಗ ನೀವು. ನಿಮಗೆ ಮುಟ್ಟು ನಿಂತು ಹದಿನೈದು ವರ್ಷದ ಮೇಲಾಯ್ತು. ಪೂರ್ತಿ ಒಂದು ವರ್ಷ ನಿಂತ ಮೇಲೆ ಒಂದೇ ಒಂದು ಚುಕ್ಕೆ ಕಂಡ್ರೂ ಅದು ಉಷ್ಣ ಅಲ್ಲ, ತೋರಿಸಲೇಬೇಕು. ಎಳನೀರಿಗೆ ನಿಂತಿದ್ದಲ್ಲ ಅದು, ತಾನಾಗೇ ನಿಂತಿರುತ್ತೆ, ಮತ್ತೆ ಬರಬಹುದು. ನೂರು ಜನಕ್ಕೆ ಹೀಗಾದ್ರೆ ತೊಂಬತ್ತು ಜನಕ್ಕೆ ಏನೂ ದೊಡ್ಡದಿರಲ್ಲ, ಹೆಚ್ಚಾಗಿ ಹಾರ್ಮೋನ್ ಇಲ್ಲದೆ ಒಳಗಿನ ಚರ್ಮ ತೆಳ್ಳಗಾಗಿ ಒಣಗಿರುತ್ತೆ, ಹಚ್ಚೋ ಔಷಧೀಲಿ ಸರಿಹೋಗುತ್ತೆ. ಉಳಿದ ಒಂಬತ್ತು ಹತ್ತು ಜನಕ್ಕೆ ಒಳಪದರದ ಕ್ಯಾನ್ಸರ್ ಇರುತ್ತೆ. ನಿಮಗೆ ಶುಗರ್ ಇದೆ, ಮೈ ತೂಕಾನೂ ಇದೆ, ಅದಕ್ಕೇ ನನಗೆ ಜೀವ ತಡೀತಿಲ್ಲ. ಹೆದರಿಸೋಕೆ ಹೇಳ್ತಿಲ್ಲ. ಆ ಕ್ಯಾನ್ಸರು ಹೀಗೆ ಮೊದಲೇ ರಕ್ತ ತೋರಿಸಿ ಸುಳಿವು ಕೊಡುತ್ತೆ, ಗರ್ಭಕೋಶದೊಳಗೇ ಇರುವಾಗ ಸಿಕ್ಕಿದ್ರೆ ಆಪರೇಷನ್ ಮಾಡಿ ಬಹುಪಾಲು ಜನ ಪೂರ್ತಿ ಗುಣ ಆಗ್ತಾರೆ. ಗರ್ಭಕೋಶ ತೆಗೆಸಲೇಬೇಕು ಅನ್ನೋದು ಇಂಥ ಕಡೆ.

ಒಳಗಿಂದ ಸ್ಕ್ಯಾನ್ ಮಾಡ್ತಾರೆ, ಬೇಡ ಅನ್ನಬೇಡಿ, ಹೊಟ್ಟೆ ಮೇಲಿಂದ ಮಾಡಿದ್ರೆ ಅಷ್ಟು ಸರಿಯಾಗಿ ಕಾಣಲ್ಲ. ಲೇಡಿ ಡಾಕ್ಟರೇ ಮಾಡ್ತಾರೆ, ನಾನು ಪಕ್ಕದಲ್ಲೇ ನಿಂತಿರ್ತೀನಿ. ಪದರ 4 ಮಿ.ಮೀ.ಗಿಂತ ದಪ್ಪ ಇದ್ರೆ ಅದೇ ಪೈಪೆಲ್ ಬಯಾಪ್ಸಿ. ಅಣ್ಣ, ನಾಳೆ ಗುರುವಾರ ಬೆಳಿಗ್ಗೆ ಎಂಟೂವರೆಗೆ ಕಾರು ತಗೊಂಡು ಹೊರಡಿ, ನಾನು ಓಪಿಡಿ ಚೀಟಿ ಮಾಡಿಸಿರ್ತೀನಿ. ಅತ್ತಿಗೆ ತಗೊಳ್ಳೋ ಮಾತ್ರೆಗಳನ್ನ, ಮುಖ್ಯವಾಗಿ ರಕ್ತ ತೆಳ್ಳಗಾಗೋ ಮಾತ್ರೆ ಇದ್ರೆ ಅದನ್ನ, ಸ್ಟ್ರಿಪ್ ಸಮೇತ ತನ್ನಿ. ತಿಂಡಿ ತಿಂದ್ಕೊಂಡೇ ಬನ್ನಿ, ಶುಗರ್ ಮಾತ್ರೆ ತಪ್ಪಿಸಬೇಡಿ. ಪುಟ್ಟಿ, ನಿಮ್ಮಮ್ಮನ್ನೂ ಅದೇ ಕಾರಿಗೆ ಹತ್ತಿಸು, ಸ್ಕ್ಯಾನಿನ ಫಿಲ್ಮು, ಬ್ಲಡ್ ರಿಪೋರ್ಟು, ಮೂರು ತಿಂಗಳಿಂದ ಯಾವತ್ತು ಶುರುವಾಗಿ ಯಾವತ್ತು ನಿಂತಿತ್ತು ಅನ್ನೋದು ಕ್ಯಾಲೆಂಡರ್ ನೋಡಿ ಒಂದು ಹಾಳೇಲಿ ಬರ್ಕೊಡು. ಬರ್ತೀರಿ ಅಂತ ಇಬ್ಬರೂ ಇವತ್ತು ರಾತ್ರಿ ಇಲ್ಲೇ ಗ್ರೂಪಲ್ಲಿ ಹಾಕಿ. ಹಾಕದಿದ್ರೆ ನಾನೇ ಫೋನ್ ಮಾಡ್ತೀನಿ.