ರಾತ್ರಿ ಡಿಸ್ಕ್ ಗಾಲ್ಫ್‌ಗೆ ಯಾವ ಲೈಟ್ ಒಳ್ಳೇದು?

ಪ್ರಶ್ನೆ
ನವೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಆರೂಕಾಲಕ್ಕೆಲ್ಲ ಕತ್ತಲು. ಆಫೀಸ್ ಮುಗಿದ ಮೇಲೆ ಯಲಹಂಕ ಕಡೆ ಖಾಲಿ ಲೇಔಟಲ್ಲಿ ಮಡಚೋ ಬಾಸ್ಕೆಟ್ (ಸರಪಳಿ ತೂಗುಬಿಟ್ಟ ಬುಟ್ಟಿ; ತಟ್ಟೆಯಂಥ ಡಿಸ್ಕ್ ಎಸೆದು ಇದರೊಳಗೆ ಬೀಳಿಸೋದೇ ಆಟ) ಇಟ್ಕೊಂಡು ಮೂವರು ಡಿಸ್ಕ್ ಗಾಲ್ಫ್ ಆಡ್ಬೇಕು. ಡಿಸ್ಕ್‌ಗಳು 170ರಿಂದ 175 ಗ್ರಾಂ. ಎಲ್‌ಇಡಿ ಅಂಟಿಸೋದಾ, ಗ್ಲೋ ಡಿಸ್ಕ್ (ಬೆಳಕು ಹೀರಿಕೊಂಡು ಕತ್ತಲಲ್ಲಿ ಹೊಳೆಯೋದು) ಮತ್ತು ಯುವಿ ಟಾರ್ಚ್ ತಗೊಳ್ಳೋದಾ? ಬಾಸ್ಕೆಟ್‌ಗೆ ಏನು ಹಾಕೋದು?

ಉತ್ತರ 1
ದೂರದ ಎಸೆತಕ್ಕೆ ಎಲ್‌ಇಡಿಯೇ. ಮಂಡಿಯುದ್ದ ಹುಲ್ಲಲ್ಲಿ ಬಿದ್ದ ಗ್ಲೋ ಡಿಸ್ಕ್ ಹುಡುಕೋದ್ರಲ್ಲೇ ಸಂಜೆ ಮುಗಿದು ಹೋಗುತ್ತೆ.

ಎಸ್.ಪಿ. ರೋಡಲ್ಲಿ 5 ಎಂಎಂ ಎಲ್‌ಇಡಿ, ಸಿಆರ್2032 ಸೆಲ್ (ನಾಣ್ಯದಂಥ 3 ವೋಲ್ಟ್ ಸೆಲ್) ಬಿಡಿಯಾಗಿ ಸಿಗುತ್ತೆ. ಉದ್ದದ ಕಾಲು ಸೆಲ್‌ನ ಪ್ಲಸ್ ಮುಖಕ್ಕೆ, ಗಿಡ್ಡ ಕಾಲು ಮೈನಸ್‌ಗೆ, ಮೇಲೊಂದು ಸುತ್ತು ಟೇಪ್. ಎಲ್ಲ ಸೇರಿ 4 ಗ್ರಾಂ ಚಿಲ್ಲರೆ. ಸೆಲ್‌ನ ಅಂಚೂ ಪ್ಲಸ್ಸೇ ಅನ್ನೋದು ನೆನಪಿರಲಿ: ಟೇಪ್ ಬಿಗಿಯಾಗಿ ಎಳೆದಾಗ ಗಿಡ್ಡ ಕಾಲು ಅಲ್ಲಿಗೆ ತಾಗಿದ್ರೆ ಶಾರ್ಟ್ ಆಗಿ ಲೈಟ್ ಹತ್ತಲ್ಲ, ಸೆಲ್ ಬೇಗ ಖಾಲಿ. ಅಂಚಿಗೆ ಮೊದಲೇ ಒಂದು ಚೂರು ಟೇಪ್ ಹಾಕಿ.

ಬಣ್ಣ ಹಸಿರು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕೆಂಪು ಮಂಕು. ಮೂವರಿಗೆ ಹಸಿರು, ನೀಲಿ, ಬಿಳಿ ಹಂಚಿಕೊಳ್ಳಿ. ಒಂದೇ ಸೆಲ್‌ಗೆ ಕೆಂಪು, ಹಸಿರು ಎರಡೂ ಸಿಕ್ಕಿಸಬೇಡಿ. ಕೆಂಪಿಗೆ 2 ವೋಲ್ಟ್ ಸಾಕು, ಹಸಿರಿಗೆ 3 ಬೇಕು; ಕರೆಂಟೆಲ್ಲ ಕೆಂಪೇ ಎಳೆದುಕೊಂಡು ಹಸಿರು ಹತ್ತೋದೇ ಇಲ್ಲ. ಮಿನುಗುವ ಲೈಟ್ ಬೇಡವೇ ಬೇಡ: ಗಂಟೆಗೆ 72 ಕಿ.ಮೀ. ವೇಗದ ಡಿಸ್ಕ್ ಅರ್ಧ ಸೆಕೆಂಡಲ್ಲಿ 10 ಮೀಟರ್ ದಾಟಿರುತ್ತೆ.

ಅಂಟಿಸೋದು ಅಡಿಭಾಗದಲ್ಲಿ, ಸರಿಯಾಗಿ ನಡುಮಧ್ಯಕ್ಕೆ. ಪಕ್ಕಕ್ಕೆ ಸರಿದ್ರೆ ಡಿಸ್ಕ್ ತೂರಾಡುತ್ತೆ. ಬೆಳಕು ಹಾಯುವ ಪ್ಲಾಸ್ಟಿಕ್ಕೇ ಇರಲಿ, ಇಲ್ಲಾಂದ್ರೆ ಡಿಸ್ಕ್ ನೆಟ್ಟಗೆ ಬಿದ್ದಾಗ ಲೈಟ್ ಕೆಳಗೇ ಮುಚ್ಚಿಹೋಗುತ್ತೆ.

ಉತ್ತರ 2
ಪಟರ್‌ಗೆ (ಬಾಸ್ಕೆಟ್ ಹತ್ತಿರದಿಂದ ಎಸೆಯೋ ಡಿಸ್ಕ್) ಮಾತ್ರ ಗ್ಲೋ ಡಿಸ್ಕೇ ಸರಿ ಅಂತೀನಿ. ತೂಕ ಸೇರಲ್ಲ, ಹಾರಾಟ ಬದಲಾಗಲ್ಲ. 365 ಅಥವಾ 395 ನ್ಯಾನೋಮೀಟರ್, ಯಾವ ಯುವಿ ಟಾರ್ಚಾದ್ರೂ ಆಗುತ್ತೆ. 10 ಸೆಂ.ಮೀ. ದೂರದಿಂದ 20-30 ಸೆಕೆಂಡ್ ಸುತ್ತಿಸಿ ಹಿಡೀರಿ, ಬೆಳಕು ಕಣ್ಣಿಗೆ ಬೀಳದಂತೆ. ಮೊದಲ ಕೆಲವು ನಿಮಿಷದಲ್ಲೇ ಹೊಳಪು ಸರ್ರಂತ ಇಳಿಯುತ್ತೆ, ಹಾಗಾಗಿ ಪ್ರತಿ ಎಸೆತಕ್ಕೂ ಮುಂಚೆ ಚಾರ್ಜ್ ಮಾಡ್ಬೇಕು.

ಉತ್ತರ 3
ಬಾಸ್ಕೆಟ್‌ಗೆ 5 ವೋಲ್ಟ್ ಯುಎಸ್‌ಬಿ ಸ್ಟ್ರಿಪ್. ಮೇಲಿನ ಬಳೆಯ ಒಳಗಡೆ ಸುತ್ತಿ, ಎಲ್‌ಇಡಿಗಳ ಮುಖ ಸರಪಳಿ ಕಡೆಗೆ ಕೆಳಮುಖವಾಗಿರಲಿ. ಸರಪಳಿಯೇ ಮಿಂಚುತ್ತೆ, ಎಸೆಯುವವರ ಕಣ್ಣು ಕೋರೈಸಲ್ಲ. ಸ್ಟ್ರಿಪ್ ತೀರಾ ಗಿಡ್ಡ ಇದ್ರೆ ಪವರ್‌ಬ್ಯಾಂಕ್ ‘ಫೋನ್ ತುಂಬಿತು’ ಅಂದುಕೊಂಡು ತಾನೇ ಆಫ್ ಆಗುತ್ತೆ. ಕಡಿಮೆ ಕರೆಂಟ್ ಮೋಡ್ ಇರೋದು ತಗೊಳ್ಳಿ, ಇಲ್ಲಾಂದ್ರೆ ಮೂರು ಎಎ ಸೆಲ್‌ನ ಡಬ್ಬಿ: 4.5 ವೋಲ್ಟಿಗೆ ಹೊಳಪು ಸ್ವಲ್ಪ ಕಮ್ಮಿ, ಅಷ್ಟೇ.

ಪ್ರಶ್ನೆ ಕೇಳಿದವರು
ಇಬ್ಬನಿಯಲ್ಲಿ ಟೇಪ್ ನಿಲ್ಲುತ್ತಾ?

ಉತ್ತರ 1
ಒದ್ದೆ ಡಿಸ್ಕ್‌ಗೆ ಮೈದಾನದಲ್ಲಿ ಅಂಟಿಸಿದ್ರೆ ನಿಲ್ಲಲ್ಲ. ಮನೆಯಲ್ಲೇ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿ, 5 ಸೆಂ.ಮೀ. ಅಗಲದ ಪಾರದರ್ಶಕ ಪ್ಯಾಕಿಂಗ್ ಟೇಪ್ ಎರಡು ತುಂಡು ಅಡ್ಡಡ್ಡ ಹಾಕಿ ಅಂಚುಗಳನ್ನ ಉಗುರಲ್ಲಿ ತೀಡಿ. ಟೇಪ್ ಏಳೋದು ಯಾವಾಗಲೂ ಅಂಚಿಂದಲೇ. ಬಿಚ್ಚಿದ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದ್ರೆ ಅನ್ನನಾಳ ಸುಟ್ಟುಹೋಗುತ್ತೆ. ಮತ್ತೆ, ಹೆಡ್‌ಲ್ಯಾಂಪ್ ಹಾಕದೆ ಹುಲ್ಲಿಗೆ ಕೈ ಹಾಕ್ಬೇಡಿ. ಆ ಕಡೆ ಕೊಳಕುಮಂಡಲ ಇರುತ್ತೆ.