1200 ಡಾಲರ್‌ನ ಚಿತ್ರ, ನಮ್ಮ ಅಜ್ಜನ ಮನೆ ಬಾಗಿಲು

ಭಾನುವಾರ ಬೆಳಿಗ್ಗೆ ಆರಕ್ಕೇ ಅತ್ತೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಆಸ್ಟ್ರೇಲಿಯಾದ ಬಡ ಆದಿವಾಸಿ 1200 ಡಾಲರ್‌ಗೆ ಮಾರಿದ ಚಿತ್ರ 24 ಕೋಟಿ ಡಾಲರ್‌ಗೆ ಹರಾಜು!! ಅವನು ಮಾತ್ರ ಹೆಸರಿಲ್ಲದೆ ಹಸಿದು ಸತ್ತ. ಹಳೆಯದರ ಬೆಲೆ ತಿಳಿಯದವರಿಗೆ ತಪ್ಪದೆ ಕಳಿಸಿ." ಕೆಳಗೊಂದು ಬಣ್ಣಬಣ್ಣದ ಚಿತ್ರ, ಎರಡು ಕೈಮುಗಿದ ಇಮೋಜಿ.

ಬೆಲೆ ತಿಳಿಯದವರು ಯಾರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಪ್ಪ. ಅಜ್ಜನ ತೊಟ್ಟಿಮನೆ ಕೆಡವಿದಾಗ ಕೆತ್ತನೆಯ ಹೆಬ್ಬಾಗಿಲನ್ನು ಹಳೇ ಸಾಮಾನಿನವನಿಗೆ ಎಂಟು ಸಾವಿರಕ್ಕೆ ಕೊಟ್ಟವರು ಅವರೇ. ಆಮೇಲೆ ಯಾವುದೋ ರೆಸಾರ್ಟಿನಲ್ಲಿ ಅದೇ ಬಾಗಿಲು ನೋಡಿದೆ ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ.

ಮೊದಲು ಬಂದಿದ್ದು ದೊಡ್ಡಪ್ಪನ ಮಗ, ನನಗೆ ಅಣ್ಣ. "ಅತ್ತೆ, ಇದಕ್ಕೆ ಮೂಲ ಎಲ್ಲಿ? ಚಿತ್ರಕಾರನ ಹೆಸರೇ ಇಲ್ವಲ್ಲ."

ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರು, ಸುಮ್ಮನಿರುವವರಲ್ಲ. "ನದಿ ಮೂಲ, ಋಷಿ ಮೂಲ ಹುಡುಕಬಾರದು. ಒಳ್ಳೆಯ ಮಾತು ಯಾರು ಹೇಳಿದರೇನು?"

"ಫಾರ್ವರ್ಡ್ ಮೂಲ ಹುಡುಕಬಹುದು ಅಪ್ಪಾ."

ಅಷ್ಟರಲ್ಲಿ ಮೆಲ್ಬರ್ನ್‌ನಲ್ಲಿರುವ ಅಕ್ಕ, ಅಂದರೆ ಇದೇ ಅತ್ತೆಯ ಮಗಳು, ಒಂದು ಉದ್ದನೆಯ ಮೆಸೇಜ್ ಹಾಕಿದಳು. ಅಮ್ಮ, ನೀನು ಹಾಕಿದ ಚಿತ್ರವೇ ಬೇರೆಯವರದ್ದು, ಅದು ಎಮಿಲಿ ಕಾಮ್ ಉಂಗ್ವಾರೆ ಅನ್ನೋ ಅಜ್ಜಿಯದು, ಅವರು ಕ್ಯಾನ್ವಾಸ್ ಮೇಲೆ ಬರೆಯಲು ಶುರು ಮಾಡಿದಾಗಲೇ ವಯಸ್ಸು ಎಂಬತ್ತರ ಹತ್ತಿರ. ಕಥೆ ಮಾತ್ರ ಕ್ಲಿಫರ್ಡ್ ಪಾಸಮ್ ಜಾಪಲ್‌ಜಾರಿ ಅವರದ್ದು. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯವರು. ಚಿಕ್ಕಂದಿನಿಂದ ದನದ ಫಾರ್ಮ್‌ಗಳಲ್ಲಿ ದುಡಿದವರು, ಮರದಲ್ಲಿ ಹಾವು, ಓತಿ ಕೆತ್ತುವುದರಲ್ಲಿ ಆಗಲೇ ಹೆಸರು ಮಾಡಿದ್ದರು. 1971ರಲ್ಲಿ ಪಪುನ್ಯ ಅನ್ನುವ ಊರಿನ ಶಾಲೆಯ ಗೋಡೆಗೆ ಅಲ್ಲಿಯ ಹಿರಿಯರು ತಮ್ಮ ಜೇನಿರುವೆಯ ಕಥೆಯನ್ನು ಬರೆದರು, ಮೇಷ್ಟ್ರು ಜೆಫ್ರಿ ಬಾರ್ಡನ್ ಬಣ್ಣ, ಹಲಗೆ ಒದಗಿಸಿದರು, ಸ್ವಲ್ಪ ದಿನಕ್ಕೆ ಇವರೂ ಆ ಗುಂಪು ಸೇರಿದರು. ಹರಾಜಾದ ಚಿತ್ರದ ಹೆಸರು ವಾರ್ಲುಗುಲಾಂಗ್, 1977ರದ್ದು. ಬೆಲೆ 24 ಲಕ್ಷ ಡಾಲರ್, 24 ಕೋಟಿ ಅಲ್ಲ.

"ಬರೀ ಎರಡು ಸೊನ್ನೆ ಜಾಸ್ತಿ" ಅಂದ ಅಣ್ಣ.

"ನೀನೂ ಅವನ ಕಡೆಗೇ ಸೇರಿಕೊಂಡೆಯಾ?" ಅಂತ ಅತ್ತೆ ಮಗಳಿಗೆ ಬರೆದರು. ಗುಂಪಿನಲ್ಲೇ.

ಅಕ್ಕ ಬಿಡಲಿಲ್ಲ. ಹೆಸರಿಲ್ಲದೆ ಸತ್ತ ಅನ್ನುವುದೂ ಸುಳ್ಳು, 1988ರಲ್ಲೇ ಲಂಡನ್‌ನಲ್ಲಿ ಅವರ ಪ್ರದರ್ಶನ ನಡೆದಿತ್ತು, 2002ರ ಜೂನ್ 21ರಂದು ತೀರಿಕೊಂಡರು, ಸರ್ಕಾರ ಅವರಿಗೆ ಆರ್ಡರ್ ಆಫ್ ಆಸ್ಟ್ರೇಲಿಯಾ ಗೌರವ ಕೊಡಬೇಕಿದ್ದ ದಿನವೂ ಅದೇ. ಆ 1200 ಡಾಲರ್‌ಗೆ ಚಿತ್ರ ಕೊಂಡಿದ್ದು ಒಂದು ದೊಡ್ಡ ಬ್ಯಾಂಕು, ತನ್ನ ತರಬೇತಿ ಕೇಂದ್ರದ ಕ್ಯಾಂಟೀನ್ ಗೋಡೆಗೆ ನೇತುಹಾಕಿತ್ತು.

ಚಿಕ್ಕಪ್ಪ ಇದಕ್ಕೇ ಕಾಯುತ್ತಿದ್ದವರಂತೆ ಬಂದರು. "ಕೋಟು ಹಾಕಿದ ಬ್ಯಾಂಕಿನವರಿಗೇ ಬೆಲೆ ಗೊತ್ತಾಗದೆ ಕ್ಯಾಂಟೀನ್‌ನಲ್ಲಿ ಹಾಕಿದ್ದರು. ನನಗೆ ಗೆದ್ದಲು ಹಿಡಿದ ಬಾಗಿಲಿನ ಬೆಲೆ ಹೇಗೆ ಗೊತ್ತಾಗಬೇಕಿತ್ತು?"

"ಗೆದ್ದಲು ಹಿಡಿದಿರಲಿಲ್ಲ" ಅಂದರು ಅತ್ತೆ.

ಬ್ಯಾಂಕು ಅಂದ ತಕ್ಷಣ ನಿವೃತ್ತ ಮ್ಯಾನೇಜರ್ ಮಾವನಿಗೆ ತಡೆಯಲಾಗಲಿಲ್ಲ. ತಮ್ಮ ಕಾಲದ ಟ್ರೇನಿಂಗ್, ಕ್ಯಾಂಟೀನ್ ಭಟ್ಟರು, ನಾಲ್ಕು ಗಂಟೆಗೆ ಬರುತ್ತಿದ್ದ ಬಿಸಿ ಉದ್ದಿನ ವಡೆ. ಗೋಡೆ ಮೇಲೆ ಏನಿತ್ತು ಅಂತ ಅಣ್ಣ ಕೇಳಿದ. ನೆನಪಿಲ್ಲವಂತೆ. ಎಂಟು ಜನ ವಡೆ ಮೆಸೇಜಿಗೆ ಹಾರ್ಟ್ ಒತ್ತಿದರು.

ಅಕ್ಕ ಅಸಲಿ ಚಿತ್ರ ಕಳಿಸಿದಳು. ಎರಡು ಮೀಟರ್ ಎತ್ತರ, ಮೂರು ಮೀಟರಿಗೂ ಜಾಸ್ತಿ ಅಗಲ, ಪೂರ್ತಿ ಚುಕ್ಕೆ. ಸುಮ್ಮನೆ ನೋಡಿದರೆ ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ, ಚುಕ್ಕೆಗಳ ನಡುವೆ ಹೆಜ್ಜೆ ಗುರುತುಗಳು ಸಾಲಾಗಿ ಹೋಗುತ್ತವೆ, ಮನುಷ್ಯರದ್ದು, ಎಮು ಹಕ್ಕಿಯದ್ದು, ಹಾವು ಹರಿದ ಗೆರೆ, ಒಂದು ಕಡೆ ಎರಡು ಅಸ್ಥಿಪಂಜರ. ಅದು ಅವರ ನೆಲದ ನಕ್ಷೆಯೂ ಹೌದು, ಪುರಾಣವೂ ಹೌದು. ಅಸ್ಥಿಪಂಜರ ಯಾರದ್ದು ಅಂತ ಕೇಳಿದ್ದಕ್ಕೆ ಅಕ್ಕ ಕಥೆ ಹೇಳಿದಳು. ನೀಲಿ ನಾಲಿಗೆಯ ಹಾವುರಾಣಿ ರೂಪದ ಲುಂಗ್ಕಾಟ ಅನ್ನುವ ಪೂರ್ವಜನಿಗೆ ಇಬ್ಬರು ಗಂಡುಮಕ್ಕಳು. ಬೇಟೆಯಾಡಿದ ಕಾಂಗರೂವನ್ನು ಅಪ್ಪನಿಗೆ ಕೊಡದೆ ಇಬ್ಬರೇ ತಿಂದುಬಿಟ್ಟರು. ಅಪ್ಪ ಸಿಟ್ಟಿನಿಂದ ಕಾಡಿಗೇ ಬೆಂಕಿಯಿಟ್ಟ, ಮಕ್ಕಳು ಅದರಲ್ಲಿ ಸತ್ತರು.

"ನೋಡಿದೆಯಾ?" ದೊಡ್ಡಪ್ಪ ನೇರವಾಗಿ ಮಗನ ಹೆಸರು ಹಾಕಿ ಬರೆದರು. "ಎಲ್ಲ ದೇಶದಲ್ಲೂ ಇದನ್ನೇ ಹೇಳಿದ್ದಾರೆ. ಹೆತ್ತವರಿಗೆ ಕೊಟ್ಟು ಉಣ್ಣಬೇಕು."

"ಮೊಟ್ಟೆ ಮುಟ್ಟದ ನೀವು ಕಾಂಗರೂ ಪಾಲಿಗೆ ಬೆಂಕಿ ಹಚ್ಚಿದವನ ಪರ ನಿಂತಿರಲ್ಲ ಅಪ್ಪಾ!"

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಹೋದ ದೀಪಾವಳಿಗೆ ಅಣ್ಣ ಊರಿಗೆ ಬಂದಿರಲಿಲ್ಲ, ಸಿಟ್ಟು ಅಲ್ಲಿಯದು.

ಈ ಗಲಾಟೆಯಲ್ಲಿ ಇನ್ನೊಂದು ವಿಷಯ ಅರ್ಧದಲ್ಲೇ ಹೋಯಿತು. ಕ್ಲಿಫರ್ಡ್ ಅವರ ಹೆಸರಿನಲ್ಲಿ ನಕಲಿ ಚಿತ್ರಗಳೂ ಓಡಾಡುತ್ತಿದ್ದವು. 1999ರಲ್ಲಿ ಸಿಡ್ನಿಯಲ್ಲಿ ಮಾರಾಟಕ್ಕಿದ್ದ ಚಿತ್ರಗಳನ್ನು ತಾವೇ ನೋಡಿ, ಇವು ನನ್ನವಲ್ಲ ಅಂದಿದ್ದರು. 2001ರಲ್ಲಿ ಒಬ್ಬ ವ್ಯಾಪಾರಿಗೆ ಶಿಕ್ಷೆಯೂ ಆಯಿತು. ಚಿಕ್ಕಪ್ಪ ಇದರಿಂದ ತೆಗೆದುಕೊಂಡಿದ್ದು ಇಷ್ಟೇ: "ಹಾಗಾದರೆ ನಿಮ್ಮ ಅತ್ತೆ ರೆಸಾರ್ಟಿನಲ್ಲಿ ನೋಡಿದ್ದೂ ನಕಲಿ ಬಾಗಿಲೇ."

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಫಾರ್ವರ್ಡ್‌ನಲ್ಲಿ ಇಲ್ಲದ ಮಾತಿಗೆ. 1200 ಡಾಲರ್ ಅವತ್ತಿನ ಬೆಲೆ ಅನ್ನಬಹುದು. ಆದರೆ 2007ರಲ್ಲಿ ಹರಾಜಾದಾಗ ಚಿತ್ರಕಾರನ ಮನೆಯವರಿಗೆ ಪಾಲು ಕೊಡಬೇಕೆಂಬ ಕಾನೂನೇ ಅಲ್ಲಿ ಇರಲಿಲ್ಲ. 2009ರಲ್ಲಿ ಕಾನೂನು ಬಂತು, 2010ರ ಜೂನ್‌ನಿಂದ ಜಾರಿ, ಮರುಮಾರಾಟದ ಬೆಲೆಯಲ್ಲಿ ನೂರಕ್ಕೆ ಐದು. ಇದನ್ನು ಬರೆದೆ. ಒಬ್ಬರೂ ಪ್ರತಿಕ್ರಿಯಿಸಲಿಲ್ಲ, ಅಣ್ಣನನ್ನು ಬಿಟ್ಟು. ಅವನು ಹುಡುಕಿ ತಂದ, ನಮ್ಮ ದೇಶದ ಕಾಪಿರೈಟ್ ಕಾಯ್ದೆಯಲ್ಲೂ 1994ರ ತಿದ್ದುಪಡಿಯಲ್ಲಿ ಇಂಥದ್ದು ಸೇರಿದೆ, ಚಿತ್ರ, ಶಿಲ್ಪ, ಹಸ್ತಪ್ರತಿಗಳು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಮಾಡಿದವರಿಗೆ ಅಥವಾ ವಾರಸುದಾರರಿಗೆ ಪಾಲು.

"ನಾನು ಮಾರಿದ್ದು ಎಂಟು ಸಾವಿರಕ್ಕೆ" ಅಂದರು ಚಿಕ್ಕಪ್ಪ. "ಕಾನೂನು ನನ್ನ ಕಡೆ ಇದೆ."

"ಬಾಗಿಲಿಗೆ ಅನ್ವಯಿಸಲ್ಲ ಚಿಕ್ಕಪ್ಪಾ."

ಅತ್ತೆ ಟೈಪ್ ಮಾಡುತ್ತಿದ್ದಾರೆ, ಟೈಪ್ ಮಾಡುತ್ತಿದ್ದಾರೆ, ನಿಲ್ಲಿಸಿದರು, ಮತ್ತೆ ಶುರು. ಕೊನೆಗೆ ಬಂತು: "ಐದು ಪರ್ಸೆಂಟ್ ಬೇಡಪ್ಪಾ. ಎಂಟು ಸಾವಿರದಲ್ಲಿ ನನ್ನ ಪಾಲು ಯಾವಾಗ ಕೊಡ್ತೀಯ?"