ತಳದಲ್ಲಿ 5 ಎಂದಿರುವ ಡಬ್ಬಿಗೆ ಬಿಸಿ ಸಾರು ಹಾಕಬಹುದೇ?

ಪ್ರಶ್ನೆ: ನಮ್ಮ ಊಟದ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿದೆ. ಒಲೆಯಿಂದ ಆಗಷ್ಟೇ ಇಳಿಸಿದ ಸಾರನ್ನು ಇದರಲ್ಲಿ ತುಂಬಬಹುದೇ? ಅಂಗಳದಲ್ಲಿಟ್ಟ ಇದೇ ಬಗೆಯ ಪ್ಲಾಸ್ಟಿಕ್ ಕುರ್ಚಿ ಬಿರುಕು ಬಿಡುತ್ತಿರುವುದೇಕೆ?

ಉತ್ತರ 1: ಆ ಅಂಕಿ ಪಾಲಿಪ್ರೊಪಿಲೀನ್ ಎಂಬ ಬಗೆಯ ಪ್ಲಾಸ್ಟಿಕ್ಕನ್ನು ಸೂಚಿಸುತ್ತದೆ. ಅದು ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಕುದಿದಿಳಿಸಿದ ಸಾರಿನ ಬಿಸಿಯನ್ನು ತಡೆಯುತ್ತದೆ. ಆದರೆ ಸಾಸಿವೆ ಸಿಡಿಯುವಷ್ಟು ಕಾದ ಒಗ್ಗರಣೆಯನ್ನು ನೇರವಾಗಿ ಡಬ್ಬಿಗೆ ಸುರಿಯಬೇಡಿ, ಏಕೆಂದರೆ ಎಣ್ಣೆಯ ಬಿಸಿ ಆ ಮಿತಿಯನ್ನು ಸುಲಭವಾಗಿ ದಾಟಿ ಡಬ್ಬಿಯ ಮೇಲ್ಮೈಯನ್ನು ಮೆತ್ತಗಾಗಿಸಬಹುದು. ಇನ್ನೊಂದು ಮಾತು: 5 ಎಂಬುದು ವಸ್ತುವಿನ ಬಗೆಯನ್ನಷ್ಟೇ ತಿಳಿಸುತ್ತದೆ, ಡಬ್ಬಿ ಆಹಾರಕ್ಕೆ ಯೋಗ್ಯವೆಂದು ಹೇಳುವುದಿಲ್ಲ, ಆ ಗುರುತನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ.

ಉತ್ತರ 2: ಕುರ್ಚಿಯನ್ನು ಕೆಡಿಸುವುದು ಬಿಸಿಲಿನ ಅತಿನೇರಳೆ ಕಿರಣ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುವುದರಿಂದ, ಮೊದಲು ಹೊಳಪು ಹೋಗಿ ಬಿಳಿ ಪುಡಿ ಏಳುತ್ತದೆ, ಆಮೇಲೆ ಕಾಲು ಮುರಿಯುತ್ತದೆ. ತಾರಸಿಯಲ್ಲಿ ಹೊದಿಸಿದ ಗೊಬ್ಬರದ ಚೀಲ ಮುಟ್ಟಿದೊಡನೆ ಎಳೆಎಳೆಯಾಗಿ ಉದುರುವುದೂ ಇದೇ ಕಾರಣಕ್ಕೆ. ಬಿರುಕು ಬಿಟ್ಟ ಕುರ್ಚಿಯಲ್ಲಿ ಹಿರಿಯರನ್ನು ದಯವಿಟ್ಟು ಕೂರಿಸಬೇಡಿ.

ಉತ್ತರ 3: ಪಾಲಿಪ್ರೊಪಿಲೀನಿನ ಅತ್ಯುತ್ತಮ ಗುಣವನ್ನು ಶಾಂಪೂ ಬಾಟಲಿಯ ಮುಚ್ಚಳದಲ್ಲಿ ಕಾಣಬಹುದು: ಮುಚ್ಚಳವನ್ನು ಹಿಡಿದಿರುವ ಆ ತೆಳುವಾದ ಪಟ್ಟಿ ಸಾವಿರಾರು ಸಲ ಮಡಚಿದರೂ ತುಂಡಾಗುವುದಿಲ್ಲ.